ಗೊಜ್ಜು ಕಹಿಯಾದ ಮಳೆಗಾಲ

ಮಲಾಡಿನ ನಮ್ಮ ಹಳೆಯ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ಬೀಗದ ಕೈ ಒಪ್ಪಿಸಲು ಕಳೆದ ವಾರ ಅಲ್ಲಿಗೆ ಹೋಗಿದ್ದೆ. ಲಿಫ್ಟು ಆಗಲೇ ನಿಂತಿತ್ತು. ಅರ್ಧದಷ್ಟು ಮನೆಗಳು ಖಾಲಿಯಾಗಿದ್ದವು, ಕಿಟಕಿಯ ಚೌಕಟ್ಟುಗಳನ್ನೂ ಯಾರೋ ಕಿತ್ತೊಯ್ದಿದ್ದರು. ಏದುಸಿರು ಬಿಡುತ್ತ ಮೂರನೆಯ ಮಹಡಿಯ ತಿರುವಿಗೆ ಬಂದಾಗ ಒಣ ಬೊಂಬಿಲ್ ಮೀನು ಹುರಿಯುವ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ಶೈಲಾ ಮಾವಶಿ ಇನ್ನೂ ಮನೆ ಬಿಟ್ಟಿಲ್ಲವೆಂದು ಅದರಿಂದಲೇ ಗೊತ್ತಾಯಿತು. ನಾನು ಹುಟ್ಟಿದಂದಿನಿಂದ ಮೀನು ಮುಟ್ಟದವಳು. ಮುಖ ಸಿಂಡರಿಸಬೇಕಾದವಳು ಮೆಟ್ಟಿಲ ಕಂಬಿ ಹಿಡಿದು ನಿಂತು ಎದೆ ತುಂಬ ಉಸಿರೆಳೆದುಕೊಂಡೆ. ಅಪ್ಪ ಮಾಡಿದ ಲಿಂಬೆ ಗೊಜ್ಜು ಕಹಿಯಾಗತೊಡಗಿದ ಆ ಮಳೆಗಾಲ ಪೂರ್ತಿಯಾಗಿ ನೆನಪಿಗೆ ಬಂತು.

ಅಪ್ಪ ಅಡುಗೆಯವರು. ಉಡುಪಿ ಕಡೆಯಿಂದ ಹರೆಯದಲ್ಲೇ ಮುಂಬಯಿಗೆ ಬಂದು ಬೈಕುಲ್ಲಾದ ಹೋಟೆಲೊಂದರಲ್ಲಿ ಸೌಟು ಹಿಡಿದರು. ಆಮೇಲೆ ಮದುವೆ ಮುಂಜಿಗಳ ದೊಡ್ಡ ಅಡುಗೆಗೂ ಅವರೇ ಬೇಕೆಂದು ಜನ ಕರೆಯುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವರು, ಬಂದ ಮರುದಿನವೇ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತಮ್ಮ ಕ್ರಮಕ್ಕೆ ಜೋಡಿಸಿದರು. ನಾನು ಬೆಳಿಗ್ಗೆ ಅಂಧೇರಿಯ ಆಫೀಸಿಗೆ ಓಡುವವಳು. ನನ್ನ ಗಂಡ ಸುಧಾಕರ ನನಗಿಂತ ಮೊದಲೇ ಲೋಕಲ್ ಹಿಡಿಯುವವರು. ಮಗಳು ಶ್ರೇಯಾಳಿಗೆ ಕಾಲೇಜು. ಹಗಲಿಡೀ ಮನೆಯಲ್ಲಿ ಅಪ್ಪ ಒಬ್ಬರೇ, ಜತೆಗೆ ಒಲೆ. ಅವರಿಗೆ ಬೇಕಾದದ್ದೂ ಅದೇ.

ಎಷ್ಟು ಬಗೆ ಮಾಡಿದರೂ ಊಟದ ಕೊನೆಗೆ ಲಿಂಬೆ ಗೊಜ್ಜು ಇರಲೇಬೇಕು. ಲಿಂಬೆಯನ್ನು ಸಣ್ಣ ಹೋಳು ಮಾಡಿ, ಬೀಜವನ್ನು ಒಂದೂ ಬಿಡದೆ ತೆಗೆದು, ಒಂದು ಕುದಿ ಬರಿಸಿ ಆ ನೀರು ಚೆಲ್ಲುತ್ತಿದ್ದರು. ಮತ್ತೆ ಹೊಸ ನೀರು, ಉಪ್ಪು, ಅರಸಿನ, ಕೈತುಂಬ ಬೆಲ್ಲ ಹಾಕಿ ಸಣ್ಣ ಉರಿಯಲ್ಲಿ ಬೇಯಲು ಬಿಡುವುದು. ಅತ್ತ ಬಾಣಲೆಯಲ್ಲಿ ಒಣಮೆಣಸು, ಉದ್ದಿನಬೇಳೆ, ಎಳ್ಳು, ಚಿಟಿಕೆ ಮೆಂತೆ ಹುರಿದು ತೆಂಗಿನ ತುರಿಯೊಂದಿಗೆ ನುಣ್ಣಗೆ ಕಡೆದು ಸೇರಿಸುವುದು. ಕೊನೆಗೆ ತೆಂಗಿನೆಣ್ಣೆಯ ಒಗ್ಗರಣೆ. ಕೆಲಸ ಇಷ್ಟೇ. ಗೊಜ್ಜಿನ ಪ್ರಾಣವಿರುವುದು ಹುರಿಯುವುದರಲ್ಲಿ, ಘಮ ಬಂತು ಅನ್ನುವ ಆ ಒಂದು ಕ್ಷಣದಲ್ಲಿ ಇಳಿಸಬೇಕು ಎಂದು ಅಪ್ಪ ಯಾವಾಗಲೂ ಹೇಳುತ್ತಿದ್ದರು. ಹುರಿದದ್ದು ಕಡಿಮೆಯಾದರೆ ಹಸಿ ಹಸಿ, ಜಾಸ್ತಿಯಾದರೆ ಮೆಂತೆ ಕಹಿ.

ಇನ್ನೊಂದು ಮಾತು ಹೇಳಲೇಬೇಕು. ಅಪ್ಪ ಅಡುಗೆಯನ್ನು ಎಂದೂ ರುಚಿ ನೋಡಿದವರಲ್ಲ. ದೇವರ ಮುಂದೆ ಇಡುವ ತನಕ ಯಾವುದೂ ನಾಲಿಗೆಗೆ ತಾಗಬಾರದು ಎನ್ನುವುದು ನಮ್ಮ ಕಡೆಯ ಅಡುಗೆಯವರ ಕಟ್ಟುನಿಟ್ಟು. ಸಾವಿರ ಎಲೆಯ ಮದುವೆಯಾದರೂ ಅಷ್ಟೇ. ಉಪ್ಪು ಕೈಯ ಅಂದಾಜಿನಲ್ಲಿ, ಹದ ಕಣ್ಣಿನಲ್ಲಿ, ಉಳಿದದ್ದೆಲ್ಲ ಮೂಗಿನಲ್ಲಿ. ಹಬೆಯಲ್ಲಿ ಬಂದ ಘಮದಿಂದಲೇ ಸಾರಿಗೆ ಉಪ್ಪು ಕಡಿಮೆ ಎಂದು ಹೇಳುತ್ತಿದ್ದರು. ನನ್ನ ಗಂಡ ಇದನ್ನು ನಂಬದೆ ಒಂದೆರಡು ಸಲ ಪರೀಕ್ಷೆ ಮಾಡಿ ಸೋತು ಸುಮ್ಮನಾಗಿದ್ದರು.

ಆ ಮೂಗಿಗೆ ಒಂದೇ ಒಂದು ಶತ್ರು, ಶೈಲಾ ಮಾವಶಿಯ ಅಡುಗೆಮನೆ. ನಮ್ಮ ಅಡುಗೆಮನೆಯ ಕಿಟಕಿಗೂ ಅವಳದ್ದಕ್ಕೂ ನಡುವೆ ಗಾಳಿಗೆಂದು ಬಿಟ್ಟ ಒಂದು ಕಿರಿದಾದ ಸಂದು. ಮಳೆಗಾಲದಲ್ಲಿ ಸಮುದ್ರಕ್ಕೆ ದೋಣಿ ಇಳಿಯುವುದಿಲ್ಲವಲ್ಲ, ಕೋಳಿ ಎಂಬ ಮೀನುಗಾರ ಜಾತಿಯವರಾದ ಅವರ ಮನೆಯಲ್ಲಿ ಒಣಮೀನಿನದ್ದೇ ಕಾರುಬಾರು. ಅವಳು ಬಾಣಲೆ ಇಟ್ಟಳೋ ಇಲ್ಲವೋ, ಅಪ್ಪ ಎದ್ದು ಬಂದು ಕಿಟಕಿಯನ್ನು ದಢಾರನೆ ಮುಚ್ಚುತ್ತಿದ್ದರು. "ಶುರು ಮಾಡಿದಳಲ್ಲ" ಎಂದು ಗೊಣಗುತ್ತ ದೇವರ ಕೋಣೆಗೆ ಹೋಗುತ್ತಿದ್ದರು. ಆ ಸದ್ದು ಅವಳಿಗೂ ಕೇಳುತ್ತಿತ್ತು. ಎದುರು ಸಿಕ್ಕಾಗ ನಾನು ತಲೆ ತಗ್ಗಿಸಿ ನಗುತ್ತಿದ್ದೆ, ಅವಳೂ ನಗುತ್ತಿದ್ದಳು, ಆದರೆ ಅವಳ ನಗುವಿನಲ್ಲಿ ಸ್ವಲ್ಪ ನೋವಿರುತ್ತಿತ್ತು.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಅಪ್ಪನಿಗೆ ಶೀತ ಜ್ವರ ಬಂತು. ಊರಿಗೆಲ್ಲ ಬರುವಂಥದ್ದೇ. ವಾರ ಮಲಗಿದರು, ಎದ್ದರು, ಎದ್ದವರೇ ಒಲೆಯ ಮುಂದೆ ನಿಂತರು. ಜ್ವರವನ್ನು ನಾವು ಮರೆತೇ ಬಿಟ್ಟೆವು.

ಮೊದಲ ಸಲ ಗೊಜ್ಜು ಕಹಿಯಾದಾಗ ಬೈಗುಳ ಬಿದ್ದದ್ದು ಲಿಂಬೆಗೆ. ಸ್ಟೇಷನ್ ಹತ್ತಿರದ ಮಾರ್ಕೆಟಿನಲ್ಲಿ ಆ ದಿನ ಸಿಕ್ಕಿದ್ದು ದಪ್ಪ ಸಿಪ್ಪೆಯದ್ದು. ಮುಂದಿನ ಸಲ ತೆಳು ಸಿಪ್ಪೆಯದ್ದನ್ನೇ ಆರಿಸಿ ತಂದೆ. ಅದೂ ಕಹಿ. ಬೀಜ ಉಳಿದಿರಬೇಕು ಎಂದರು ಅಪ್ಪ. ಅದರ ಮುಂದಿನ ಸಲ ಎಲ್ಲರೂ ತಟ್ಟೆ ನೋಡುತ್ತ ಊಟ ಮುಗಿಸಿದೆವು. ಅಪ್ಪ ತಮ್ಮ ಪಾಲಿನ ಗೊಜ್ಜನ್ನು ಬೆರಳಿನಿಂದ ಕೊನೆಯ ತನಕ ಒರೆಸಿ ಉಂಡರು. ಯಾರಿಗೋ ಶಿಕ್ಷೆ ಕೊಡುವವರ ಹಾಗಿತ್ತು ಅವರ ಮುಖ.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿದವು. ಹಳಸಿದ ಸಾರನ್ನು ಬಿಸಿ ಮಾಡಿ ಬಡಿಸಿದರು. ಕಮಟು ಹಿಡಿದ ತೆಂಗಿನೆಣ್ಣೆಯಲ್ಲೇ ಒಗ್ಗರಣೆ ಹಾಕಿದರು. ಒಡೆಯಲಿದ್ದ ಹಾಲನ್ನು ಕಾಫಿಗೆ ಇಟ್ಟರು. ಇಂಗನ್ನು ಒಂದೇ ಒಗ್ಗರಣೆಗೆ ಎರಡು ಸಲ ಹಾಕಿದ್ದನ್ನು ನಾನೇ ನೋಡಿದೆ. ಅಪ್ಪನ ದೊಡ್ಡಣ್ಣ ಕೊನೆಗಾಲದಲ್ಲಿ ಎಲ್ಲವನ್ನೂ ಮರೆತು, ಸ್ವಂತ ಮಗಳನ್ನೇ "ನೀವು ಯಾರ ಪೈಕಿ" ಎಂದು ಕೇಳುತ್ತಿದ್ದರು. ಅಪ್ಪನಿಗೂ ಅದೇ ಶುರುವಾಯಿತೋ ಎಂದು ನನಗೆ ಹೆದರಿಕೆ. ನಾನು ಮೊದಲೇ ಹೆದರುಪುಕ್ಕಲಿ. ರೈಲು ಐದು ನಿಮಿಷ ತಡವಾದರೆ ಪೂರ್ತಿ ಊರೇ ಮುಳುಗಿದ ಹಾಗೆ ಯೋಚಿಸುವವಳು.

ಒಂದು ಭಾನುವಾರ ಒಗೆದ ಬಟ್ಟೆ ಹಿಡಿದುಕೊಂಡು ಅಡುಗೆಮನೆ ದಾಟುವಾಗ ಅಪ್ಪ ಒಲೆಯ ಮುಂದೆ ಏನೋ ಗುನುಗುತ್ತಿದ್ದರು. ಸ್ತೋತ್ರ ಇರಬೇಕೆಂದು ಕಿವಿಗೊಟ್ಟೆ. ಸ್ತೋತ್ರವಲ್ಲ, ಮಗ್ಗಿ. ಬಾಣಲೆಯಲ್ಲಿ ಎಳ್ಳು ಚಟಪಟ ಅನ್ನುತ್ತಿದೆ, ಅಪ್ಪ ಕಣ್ಣು ಮುಚ್ಚಿಕೊಂಡು ಸೌಟು ಆಡಿಸುತ್ತ "ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು" ಎಂದು ಶಾಲೆಯ ಹುಡುಗರ ರಾಗದಲ್ಲಿ ಹೇಳುತ್ತಿದ್ದಾರೆ. ನನ್ನ ಕೈಯ ಬಟ್ಟೆ ನೆಲಕ್ಕೆ ಬಿತ್ತು. ದೊಡ್ಡಪ್ಪನೂ ಹೀಗೆಯೇ ಬಾಲ್ಯಕ್ಕೆ ಹೋಗಿ ಕುಳಿತಿದ್ದರಲ್ಲ. ಅಪ್ಪ ಕಣ್ಣು ತೆರೆದು ನನ್ನನ್ನು ನೋಡಿ ತಟ್ಟನೆ ಬಾಯಿ ಮುಚ್ಚಿಕೊಂಡರು. ಅದು ಇನ್ನೂ ಕೆಟ್ಟದ್ದೆನಿಸಿತು.

ಅಲ್ಲಿಂದ ಶುರುವಾಯಿತು ನನ್ನ ಫೋನು. ಸ್ಟೇಷನ್ ಮುಟ್ಟಿದಾಗ ಒಂದು, ಆಫೀಸಿನಲ್ಲಿ ಕುಳಿತ ಕೂಡಲೇ ಒಂದು, ಊಟದ ಹೊತ್ತಿಗೆ ಒಂದು. ಏನಾದರೂ ನೆಪ ಹೇಳಿ ಮಾಡುತ್ತಿದ್ದೆ. ಗ್ಯಾಸ್ ಬಂದ್ ಮಾಡಿದಿರಾ ಎಂದು ನೇರವಾಗಿ ಕೇಳಲು ಬಾಯಿ ಬರುತ್ತಿರಲಿಲ್ಲ. ಹೋಟೆಲಿನ ಅಷ್ಟು ದೊಡ್ಡ ಒಲೆಗಳನ್ನು ಆಳಿದವರನ್ನು ಹೇಗೆ ಕೇಳುವುದು. ಹಾಗಾಗಿ ಕೊರಿಯರ್ ಬಂತಾ, ನೀರು ಬಂತಾ, ಶ್ರೇಯಾ ಊಟ ಮಾಡಿದಳಾ ಎಂದು ಸುತ್ತಿ ಬಳಸಿ ಕೇಳುತ್ತಿದ್ದೆ. ಅಪ್ಪ ಒಂದು ದಿನ ಕೊರಿಯರ್‌ನಲ್ಲಿ ಎಂತ ಬರುವುದುಂಟು ನಿನಗೆ ಎಂದು ಬೇಸರದಿಂದಲೇ ಕೇಳಿದರು.

ಆ ದೊಡ್ಡ ಮಳೆಯ ದಿನ ಆಫೀಸಿನವರು ಮಧ್ಯಾಹ್ನವೇ ಮನೆಗೆ ಹೋಗಿ ಎಂದರು. ಅಂಧೇರಿ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೇಗೋ ಲೇಡೀಸ್ ಡಬ್ಬಿಗೆ ನುಗ್ಗಿದೆ. ಜೋಗೇಶ್ವರಿ ದಾಟಿದ್ದೇ ತಡ, ಲೋಕಲ್ ನಿಂತುಬಿಟ್ಟಿತು. ಹಳಿ ಕಾಣದಷ್ಟು ನೀರು. ಮನೆಗೆ ಫೋನು ಮಾಡಿದರೆ ಅಪ್ಪನ ಮೊಬೈಲ್ ಬಂದ್. ಶ್ರೇಯಾ ಕಾಲೇಜಿನ ಗೆಳತಿಯ ಮನೆಯಲ್ಲಿ ಸುರಕ್ಷಿತವಾಗಿದ್ದಳು. ಶೈಲಾ ಮಾವಶಿಗೆ ಮಾಡಿದರೆ ಅವಳು ವರ್ಸೋವಾದಲ್ಲಿ ಮಗಳ ಮನೆಗೆ ಹೋಗಿದ್ದಳು. ಸುಧಾಕರ ಊರಿನ ಇನ್ನೊಂದು ತುದಿಯಲ್ಲಿ ಸಿಕ್ಕಿಕೊಂಡಿದ್ದರು. ನಮ್ಮ ಕಡೆ ಕರೆಂಟ್ ತೆಗೆದಿದ್ದಾರೆ ಎಂದು ಯಾರೋ ಹೇಳಿದರು. ಡಬ್ಬಿಯಲ್ಲಿ ಹೆಂಗಸರು ಚಕ್ಕುಲಿ ಹಂಚಿಕೊಂಡು ಹಾಡು ಹೇಳುತ್ತಿದ್ದರು. ನಾನು ಕಿಟಕಿಯ ಸರಳು ಹಿಡಿದು ಇಲ್ಲದ ದೇವರಿಗೆಲ್ಲ ಹರಕೆ ಹೊರುತ್ತಿದ್ದೆ.

ಅಂತೂ ರೈಲು ತೆವಳಿ ಮಲಾಡ್ ತಲುಪಿತು. ಮೊಣಕಾಲುದ್ದದ ನೀರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಮೂರನೆಯ ಮಹಡಿಗೆ ಬಂದಾಗ ಗ್ಯಾಸಿನ ವಾಸನೆ. ಬಾಗಿಲ ಸಂದಿಯಿಂದಲೇ ಬರುತ್ತಿತ್ತು. ಕರೆಂಟ್ ಈಗ ಬರುತ್ತದೋ ಇನ್ನೊಂದು ಗಳಿಗೆಗೆ ಬರುತ್ತದೋ ಗೊತ್ತಿಲ್ಲ. ಕಿಡಿ ಹಾರೀತೆಂದು ಬೆಲ್ ಒತ್ತಲು ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ. ಪರ್ಸಿನಿಂದ ಕೀ ತೆಗೆದು ನಾನೇ ಬಾಗಿಲು ತೆರೆದೆ.

ಒಳಗೆ ಮಳೆಯ ಎರಚಲಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಒಲೆಯ ಮೇಲೆ ಗೊಜ್ಜಿನ ಪಾತ್ರೆ. ಬೆಲ್ಲದ ನೊರೆ ಉಕ್ಕಿ ಉರಿ ಆರಿಹೋಗಿತ್ತು, ಗ್ಯಾಸ್ ಮಾತ್ರ ಸುಯ್ಯೆಂದು ಬರುತ್ತಲೇ ಇತ್ತು. ಅಪ್ಪ ದೇವರ ಮುಂದೆ ಕುಳಿತು ನಿಧಾನವಾಗಿ ಬತ್ತಿ ಹೊಸೆಯುತ್ತಿದ್ದರು. ಹಣತೆಗೆ ಎಣ್ಣೆ ಹಾಕಿಟ್ಟಾಗಿತ್ತು. ಪಕ್ಕದಲ್ಲಿ ಬೆಂಕಿಪೊಟ್ಟಣ.

ನಾನು ಒಲೆ ಬಂದ್ ಮಾಡಿದೆನೋ ಮೊದಲು ಬೆಂಕಿಪೊಟ್ಟಣ ಕಸಿದೆನೋ ಈಗ ನೆನಪಿಲ್ಲ. ಕಿಟಕಿಗಳನ್ನೆಲ್ಲ ತೆರೆದು, ಅಪ್ಪನನ್ನು ಕೈ ಹಿಡಿದು ಎಳೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂರಿಸಿದೆ. ಆಮೇಲೆ ಬೈದೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಅಪ್ಪ ಏನೂ ಅರ್ಥವಾಗದೆ ನನ್ನ ಮುಖ ನೋಡುತ್ತಿದ್ದರು. ಕೊನೆಗೆ ನಾನು ಅಳುವುದನ್ನು ಕಂಡು, ಬತ್ತಿಯ ಎಣ್ಣೆ ಹತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು ನನ್ನ ತಲೆಯ ಮೇಲಿಟ್ಟರು. ಮಳೆ ನೀರಿನಿಂದ ನಾನು ಪೂರ್ತಿ ಒದ್ದೆಯಾಗಿದ್ದೆ.

ಮರುದಿನದಿಂದ ಸುಧಾಕರ ಹೊರಡುವ ಮೊದಲು ಗ್ಯಾಸಿನ ಮುಖ್ಯ ವಾಲ್ವ್ ಮುಚ್ಚಿ ಅದಕ್ಕೊಂದು ಬೀಗ ಹಾಕಿ ಹೋಗತೊಡಗಿದರು. "ಮಾವ, ನಿಮ್ಮ ಮೇಲೆ ವಿಶ್ವಾಸ ಇಲ್ಲ ಅಂತ ಅಲ್ಲ" ಎಂದು ಅವರು ಶುರು ಮಾಡುವಾಗಲೇ ಅಪ್ಪ ಸರಿ ಸರಿ ಎಂದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಬೆಳಗಿನ ಗಡಿಬಿಡಿಯಲ್ಲಿ ನಾನು ಕುದಿಸಿಟ್ಟ ಸಪ್ಪೆ ಅನ್ನ ಸಾರು ಅಪ್ಪನ ಮಧ್ಯಾಹ್ನದ ಊಟವಾಯಿತು.

ನೆನಪಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಇವತ್ತು ಯಾವ ವಾರ, ನೀವು ಈಗ ಯಾವ ಊರಿನಲ್ಲಿದ್ದೀರಿ ಎಂದೆಲ್ಲ ಕೇಳಿದರು. ಅಪ್ಪ ವಾರದ ಜತೆ ತಿಥಿ ನಕ್ಷತ್ರವನ್ನೂ ಹೇಳಿದರು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದಾಗ, ಡಾಕ್ಟರು ಸಾಕು ಅನ್ನುವ ತನಕ ನಿಲ್ಲಲಿಲ್ಲ. ನೆನಪು ನನ್ನದಕ್ಕಿಂತ ಚೆನ್ನಾಗಿದೆ ಎಂದು ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ನೆನಪು ಸರಿ ಇದ್ದರೆ ಆ ಗ್ಯಾಸು ಏನು, ಆ ಮಗ್ಗಿ ಏನು? ಕಾಯಿಲೆಗೆ ಹೆಸರಿದ್ದರೆ ಅದನ್ನು ಬೈಯಲಾದರೂ ಆಗುತ್ತದೆ. ರಿಕ್ಷಾದಲ್ಲಿ ಬರುವಾಗ ಅಪ್ಪ ಹೊರಗಿನ ಮಳೆ ನೋಡುತ್ತ ಕುಳಿತಿದ್ದರು.

ಒಲೆ ತಪ್ಪಿದ ಮೇಲೆ ಅಪ್ಪ ಇಳಿದುಹೋದರು. ಮಧ್ಯಾಹ್ನದ ಹೊತ್ತು ಅಡುಗೆಮನೆಗೆ ಹೋಗಿ ಸುಮ್ಮನೆ ನಿಲ್ಲುತ್ತಾರೆ, ಡಬ್ಬಿಗಳನ್ನು ಒರೆಸಿಡುತ್ತಾರೆ ಎಂದು ಶ್ರೇಯಾ ಹೇಳಿದಳು. ಅಂಗಿ ಸಡಿಲವಾಯಿತು. ನಾನೇ ಒಂದು ದಿನ ಗೊಜ್ಜು ಮಾಡಿ ಬಡಿಸಿದೆ. ಚೆನ್ನಾಗಿತ್ತು, ನಾನೇ ಹೇಳಬೇಕು. ಅಪ್ಪ ಒಂದು ತುತ್ತು ಉಂಡು, ಕಹಿ ಇಲ್ಲ ಎಂದರು. ಅಷ್ಟೇ. ತಟ್ಟೆಯ ಮೂಲೆಯಲ್ಲಿ ಉಳಿದ ಗೊಜ್ಜನ್ನು ಮುಟ್ಟಲಿಲ್ಲ. ಅಪ್ಪನನ್ನು ಉಳಿಸಿಕೊಳ್ಳಲು ಹೊರಟು ನಾವೇ ಅವರನ್ನು ಮುಗಿಸುತ್ತಿದ್ದೇವೇನೋ ಎಂಬ ಹೆದರಿಕೆ ಈಗ ಹೊಸದಾಗಿ ಸೇರಿಕೊಂಡಿತು.

ಶ್ರಾವಣ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಶೈಲಾ ಮಾವಶಿ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ನಾಲ್ಕಾರು ಲಿಂಬೆ. ಅವಳ ಅಳಿಯನ ಮನೆಯ ಗಿಡದ್ದಂತೆ. ಬಾಬಾನಿಗೆ ಕೊಡು ಎಂದಳು. ಹಿಂದೆಂದೂ ಅವಳು ಅಪ್ಪನಿಗಾಗಿ ಏನನ್ನೂ ತಂದವಳಲ್ಲ. ನಾನು ಆಶ್ಚರ್ಯದಿಂದ ನೋಡುತ್ತಿದ್ದಂತೆ ಅವಳು ದನಿ ತಗ್ಗಿಸಿ, "ವಸಂತಿ, ತುಮ್ಹಾರಾ ಬಾಬಾ ಅಬ್ ಹಮಾರಾ ಹೋ ಗಯಾ" ಎಂದಳು. ನಿಮ್ಮ ಅಪ್ಪ ಈಗ ನಮ್ಮವರಾಗಿಬಿಟ್ಟರು! ಹೇಗೆ ಎಂದು ಕೇಳಿದೆ. ಈ ಸಲದ ಮಳೆಗಾಲದಲ್ಲಿ ಬಾಬಾ ನನ್ನ ಅಡುಗೆಗೆ ಒಂದು ದಿನವೂ ಕಿಟಕಿ ಮುಚ್ಚಿಲ್ಲ, ನಾನು ಬೊಂಬಿಲ್ ಹುರಿಯುವಾಗ ಆಚೆ ನಿಂತು ಡಬ್ಬಿ ಒರೆಸುತ್ತಿರುತ್ತಾರೆ, ಮೊನ್ನೆ ನನ್ನನ್ನು ನೋಡಿ ನಕ್ಕರು ಕೂಡ ಎಂದಳು. ಹೇಳುವಾಗ ಅವಳ ಕಣ್ಣು ತುಂಬಿಬಂದಿತ್ತು.

ನಾನು ಲಿಂಬೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಮೆಂತೆ, ಕಮಟು ಎಣ್ಣೆ, ಹಳಸಿದ ಸಾರು, ಗ್ಯಾಸ್ ಎಲ್ಲ ಒಂದರ ಹಿಂದೊಂದು ತಲೆಯೊಳಗೆ ಬಂದು ಸಾಲಾಗಿ ಕುಳಿತವು. ಆ ಮಳೆಯ ದಿನ ಬೈಯುವಾಗ ಇಷ್ಟು ವಾಸನೆ ಬರ್ತಾ ಉಂಟು, ಗೊತ್ತಾಗಲಿಲ್ವಾ ಎಂದು ನಾನು ಕೂಗಿದ್ದಕ್ಕೆ ಅಪ್ಪ ಉತ್ತರವನ್ನೇ ಕೊಟ್ಟಿರಲಿಲ್ಲ.

ಮಾವಶಿ ಹೋಗಿ ಸ್ವಲ್ಪ ಹೊತ್ತಿಗೆ ಆಚೆಯಿಂದ ಬಾಣಲೆಯ ಸದ್ದು, ಅದರ ಹಿಂದೆಯೇ ಒಣಮೀನಿನ ಗಾಟು. ಅಪ್ಪ ಕಿಟಕಿಯ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಹೋಗಿ ಎದುರು ನಿಂತೆ.

"ಅಪ್ಪ, ಈಗ ಎಂತ ವಾಸನೆ ಬರ್ತಾ ಉಂಟು?"

ಅಪ್ಪ ಪೇಪರ್ ಕೆಳಗಿಳಿಸಿದರು. ಅವರ ಕಣ್ಣು ಒಲೆಯ ಕಡೆ ಹೋಯಿತು, ಕಿಟಕಿಯ ಕಡೆ ಹೋಯಿತು, ನನ್ನ ಮುಖದ ಮೇಲೆ ಬಂದು ನಿಂತಿತು. ಪಾಠ ಬಾರದ ಮಗು ಉತ್ತರ ಹುಡುಕುವ ಹಾಗೆ ಹುಡುಕಿದರು.

"ಮಳೆಯದ್ದು" ಎಂದರು.

ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಅಪ್ಪ ತುಂಬ ಹೊತ್ತು ಪೇಪರನ್ನು ಮಡಚುತ್ತಲೇ ಇದ್ದರು. ಆಮೇಲೆ ಮೆಲ್ಲಗೆ ಹೇಳತೊಡಗಿದರು. ಜ್ವರ ಬಿಟ್ಟ ದಿನ ಕಾಫಿಗೆ ಪರಿಮಳ ಇರಲಿಲ್ಲವಂತೆ. ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಕಾದರಂತೆ. ಹುರಿಯುವಾಗ ಹದ ಸಿಗದೆ, ಹದಿಮೂರರ ಮಗ್ಗಿ ಮುಗಿಯುವಾಗ ಎಳ್ಳು ಆಗಬೇಕು, ಹದಿನೇಳರದ್ದು ಮುಗಿಯುವಾಗ ಮೆಂತೆ ಆಗಬೇಕು ಎಂದು ಒಂದು ಅಂದಾಜು ಇಟ್ಟುಕೊಂಡರಂತೆ. ಅದು ಹೋಟೆಲಿನ ಒಲೆಯ ಅಂದಾಜು, ಈ ಒಲೆಗೆ ಕೂಡಲಿಲ್ಲ.

ರುಚಿಯಾದರೂ ನೋಡಬಹುದಿತ್ತಲ್ಲ ಎಂದೆ. ಅಪ್ಪ ನನ್ನನ್ನು ದುರುಗುಟ್ಟಿ ನೋಡಿದರು. ದೇವರಿಗೆ ಇಡುವ ಮೊದಲೇ ಬಾಯಿಗೆ ಹಾಕುವುದಾ, ಇಷ್ಟು ವರ್ಷ ಮಾಡದ್ದನ್ನು ಈಗ ಮಾಡಲು ಹೇಳಬೇಡ ಎಂದು ಗದರಿದರು. ಎಷ್ಟೋ ದಿನಗಳ ನಂತರ ಅವರ ಹಳೆಯ ದನಿ ಕೇಳಿ ನನಗೆ ಅಷ್ಟರಲ್ಲೂ ಸಮಾಧಾನವಾಯಿತು.

"ನನ್ಹತ್ರ ಹೇಳ್ಬಾರದಿತ್ತಾ ಅಪ್ಪ?"

"ಮೂಗು ಹೋದ ಅಡುಗೆಯವನನ್ನು ಒಲೆ ಹತ್ತಿರ ಯಾರು ಬಿಡ್ತಾರೆ ಮಗಾ? ನಾನೇ ಬಿಡ್ತಿರ್ಲಿಲ್ಲ."

ಆಚೆ ಮಾವಶಿ ಏನನ್ನೋ ಹಾಡಿಕೊಳ್ಳುತ್ತಿದ್ದಳು. ಕಿಟಕಿ ತೆರೆದಿರುವುದರ ಕಾರಣವನ್ನು ಅವಳಿಗೆ ಹೇಳುವುದು ಬೇಡ ಎಂದು ಅಪ್ಪನೇ ಹೇಳಿದರು.

ಮೂಗಿನ ಡಾಕ್ಟರು, ಇಂಥ ಜ್ವರದ ನಂತರ ವಯಸ್ಸಾದವರಲ್ಲಿ ಹೀಗಾಗುವುದುಂಟು, ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದರು. ದಿನಾ ಎರಡು ಹೊತ್ತು ನಾಲ್ಕು ಬಗೆಯ ವಸ್ತು ಮೂಸಿ ನೋಡುವ ಅಭ್ಯಾಸ ಮಾಡಿ ಎಂದು ಹೇಳಿ, ಅದರಲ್ಲಿ ಲಿಂಬೆ ಸಿಪ್ಪೆಯನ್ನೂ ಸೇರಿಸಿದರು. ಅಂದಿನಿಂದ ಅಪ್ಪ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ನೈವೇದ್ಯದ ಗೊಜ್ಜಿಗೆ ತೆಗೆದಿಟ್ಟ ಲಿಂಬೆಗೆ ಸೋಂಕದ ಹಾಗೆ ಬೇರೆ ತಟ್ಟೆಯಲ್ಲಿಟ್ಟ ಸಿಪ್ಪೆಯನ್ನು ಮೂಗಿಗೆ ಹಿಡಿದು ಕೂರತೊಡಗಿದರು. ಬಂತಾ ಎಂದು ನಾನು ಕಣ್ಣಲ್ಲೇ ಕೇಳುತ್ತಿದ್ದೆ, ಅವರು ತಲೆ ಅಲ್ಲಾಡಿಸುತ್ತಿದ್ದರು. ಕೊನೆಕೊನೆಗೆ ಕೇಳಲೂ ಹೆದರಿಕೆಯಾಗಿ ನಾನು ಆ ಹೊತ್ತಿಗೆ ಬೇಕೆಂದೇ ಸ್ನಾನಕ್ಕೆ ಹೋಗುತ್ತಿದ್ದೆ.

ಸುಧಾಕರ ಗ್ಯಾಸ್ ಸೋರಿದರೆ ಕೂಗುವ ಯಂತ್ರವೊಂದನ್ನು ತಂದು ಗೋಡೆಗೆ ಹಾಕಿಸಿದರು. ವಾಲ್ವಿನ ಬೀಗ ಮಾತ್ರ ತೆಗೆಯಲಿಲ್ಲ. ಯಾರಾದರೂ ಮನೆಯಲ್ಲಿದ್ದಾಗ ಮಾತ್ರ ಒಲೆ ಎಂದು ಒಪ್ಪಂದವಾಯಿತು. ಅಪ್ಪ ಹುರಿಯುವುದು, ಪಕ್ಕದಲ್ಲಿ ನಿಂತವರು ಮೂಗು ಕೊಡುವುದು. ನಾನಿದ್ದರೆ "ಬಂತು" ಎನ್ನುತ್ತಿದ್ದೆ, ಅವರು ಬಾಣಲೆ ಇಳಿಸುತ್ತಿದ್ದರು. ಶ್ರೇಯಾಳದ್ದು ಬೇರೆಯೇ ಕ್ರಮ. ಅವಳಿಗೆ ಕನ್ನಡ ತಿಳಿಯುತ್ತದೆ, ಆದರೆ ನಾಲಿಗೆ ಹಿಂದಿಗೆ ಜಾರುತ್ತದೆ. ಬಾಣಲೆಯ ಮೇಲೆ ಬಗ್ಗಿ ಅವಳು ವರದಿ ಒಪ್ಪಿಸುತ್ತಿದ್ದಳು. "ಅಜ್ಜ, ಈಗ ಕಚ್ಚಾ ಹೈ... ಈಗ ಪಾಪ್‌ಕಾರ್ನ್ ಥರ... ಈಗ ಬಿಸ್ಕಿಟ್... ಬಸ್ ಬಸ್, ಇಳಿಸಿ." ಪಾಪ್‌ಕಾರ್ನ್ ಅಂದರೆ ಉದ್ದಿನಬೇಳೆಯ ಯಾವ ಹದ ಎಂದು ಅಪ್ಪ ನನ್ನನ್ನು ಗುಟ್ಟಾಗಿ ಕೇಳಿದರು. ಗೊಜ್ಜಿನ ಕಹಿ ಹೋಯಿತು. ಆದರೆ ನನ್ನ ಭಯ ಪೂರ್ತಿ ಹೋಗಲಿಲ್ಲ. ಈ ಏರ್ಪಾಡು ಎಷ್ಟು ದಿನ? ಶ್ರೇಯಾಳ ಪರೀಕ್ಷೆ ಬರುತ್ತದೆ, ಇದಕ್ಕಾಗಿ ನಾನು ಹಾಕಿಕೊಂಡ ರಜೆಯೂ ಮುಗಿಯುತ್ತ ಬಂತು. ಬೇರೆಯವರ ಮೂಗಿನಲ್ಲಿ ಅಡುಗೆ ಮಾಡುವುದು ಅಪ್ಪನಿಗೂ ಭಾರವಾಗತೊಡಗಿತ್ತು. ಒಂದು ದಿನ ಸೌಟು ಕೆಳಗಿಟ್ಟು, ಇನ್ನು ಸಾಕು, ನೀನೇ ಮಾಡು ಮಗಾ ಎಂದರು. ನಾನು ಕೇಳಿಸಲಿಲ್ಲ ಅನ್ನುವ ಹಾಗೆ ಲಿಂಬೆ ಹೆಚ್ಚುತ್ತ ಕುಳಿತೆ.

ಚೌತಿ ಬಂತು, ಹೋಯಿತು. ನವರಾತ್ರಿಯೂ ಮುಗಿಯಿತು. ಸಮುದ್ರಕ್ಕೆ ದೋಣಿಗಳು ಇಳಿದು ಎಷ್ಟೋ ದಿನವಾಗಿತ್ತು. ಬಿಲ್ಡಿಂಗಿನ ಗೋಡೆಗಳ ಪಾಚಿ ಒಣಗಿ ಕಪ್ಪಾಗುತ್ತಿತ್ತು. ಅಂದು ಭಾನುವಾರ. ನಾನು ನೆಲದ ಮೇಲೆ ಕುಳಿತು ಕಾಯಿ ತುರಿಯುತ್ತಿದ್ದೆ. ಅಪ್ಪ ಹಾಲ್‌ನಲ್ಲಿ ಸುಧಾಕರನ ಜತೆ ಏನೋ ಮಾತಾಡುತ್ತಿದ್ದರು. ಉಳಿದಿದ್ದ ಒಣ ಬೊಂಬಿಲ್ ಖಾಲಿ ಮಾಡಲೋ ಏನೋ, ಮಾವಶಿ ಆಚೆ ಬಾಣಲೆ ಇಟ್ಟಳು.

ಹಾಲ್‌ನಲ್ಲಿ ಮಾತು ನಿಂತಿತು. ಅಪ್ಪ ಸರಸರನೆ ಒಳ ಬಂದು ನನ್ನನ್ನು ದಾಟಿಕೊಂಡು ಕಿಟಕಿಯ ಹತ್ತಿರ ಹೋದರು. ಕಿಟಕಿಯ ಬಾಗಿಲಿಗೆ ಕೈ ಹಾಕಿದರು.

"ಇವತ್ತು ಬೆಳಿಗ್ಗೆ ಬೆಳಿಗ್ಗೆಯೇ ಶುರು ಮಾಡಿದಳಲ್ಲ" ಎಂದು ಗೊಣಗಿದರು.

ನನ್ನ ಕೈ ತುರಿಮಣೆಯ ಮೇಲೆ ನಿಂತಿತು. ಗೊಣಗಿ ಮುಗಿದ ಮೇಲೆ ಅಪ್ಪನಿಗೂ ತಾನು ಏನು ಹೇಳಿದೆ ಎಂದು ತಿಳಿಯಿತು. ಹಾಗೆಯೇ ನಿಂತರು. ಬೆನ್ನು ನನ್ನ ಕಡೆಗಿತ್ತು. ಹೆಗಲು ಮೇಲೆದ್ದು ಇಳಿಯುವುದು ಕಾಣುತ್ತಿತ್ತು. ಒಂದು ಸಲ, ಮತ್ತೊಂದು ಸಲ. ಜೀವಮಾನವಿಡೀ ಓಡಿಸುತ್ತ ಬಂದ ವಾಸನೆಯನ್ನು ಅಪ್ಪ ಎದೆ ತುಂಬ ಒಳಗೆಳೆದುಕೊಳ್ಳುತ್ತಿದ್ದರು. ನಾನು ಕರೆಯಲಿಲ್ಲ. ಕರೆದರೆ ಎಲ್ಲಿ ಹೋಗಿಬಿಡುತ್ತದೋ ಎಂದು ಹೆದರಿಕೆ.

ಕಿಟಕಿಯ ಬಾಗಿಲನ್ನು ಎಳೆಯಲಿಲ್ಲ ಅವರು. ಆಚೆಯಿಂದ ಮಾವಶಿ ನೋಡಿರಬೇಕು, ಅಪ್ಪ ತಲೆಯಾಡಿಸಿ ನಕ್ಕರು. ಮತ್ತೆ ನನ್ನ ಕಡೆ ತಿರುಗಿ, ಇರಲಿ, ತೆರೆದೇ ಇರಲಿ ಎಂದರು. ಕಣ್ಣು ಒದ್ದೆಯಾಗಿತ್ತು. ಮೆಂತೆಯ ಡಬ್ಬಿ ಕೊಡು ಎಂದು ಕೈ ನೀಡಿದರು.

ನಾನು ಎದ್ದು ಪಕ್ಕದಲ್ಲಿ ನಿಂತೆ, ಅಭ್ಯಾಸ ಬಲದಿಂದ. ಬಾಣಲೆ ಕಾಯಿತು, ಎಳ್ಳು ಸಿಡಿಯಿತು. ಘಮ ಬಂತು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಬಾಣಲೆ ಇಳಿಸಿದರು. ಅಂದು ಅವರು ಮಗ್ಗಿ ಹೇಳಿರಲಿಲ್ಲ.